ಸಕ್ಕರೆಯ ಸೀಮೆಯಲ್ಲಿ ಸಕ್ಕರೆ ಕುಸಿದಾಗ



ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆಯುವ ಈ ಸೀಮೆಯಲ್ಲಿ ಸಕ್ಕರೆಗೆ ಬರವಿಲ್ಲ. ಉಗಾರ ಖುರ್ದದ ಸಕ್ಕರೆ ಕಂಪನಿ 1939ರಷ್ಟು ಹಿಂದಿನದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ಕಾಣದ ಹಾದಿ ವಿರಳ. ಆದರೆ ಮನೆಯಲ್ಲಿ ಒಬ್ಬರಿಗೆ ಮಧುಮೇಹವಿದೆಯೆಂದು ತಿಳಿದ ದಿನವೇ ಸಕ್ಕರೆ ಡಬ್ಬಿ ಮೇಲಿನ ಹಲಗೆಗೆ ಏರುತ್ತದೆ, ಚಹಾ ಸಪ್ಪೆಯಾಗುತ್ತದೆ, ಬೆಲ್ಲದ ಹರಳು ಕೈಗೆ ಸಿಗದಂತೆ ಮರೆಯಾಗುತ್ತದೆ. ಇದು ತಪ್ಪಲ್ಲ, ನಿತ್ಯದ ನಡವಳಿಕೆಗೆ ಇದೇ ಸರಿ. ಆದರೆ ಅದೇ ಮನೆಯಲ್ಲಿ ಆ ಡಬ್ಬಿ ಕ್ಷಣಮಾತ್ರದಲ್ಲಿ ಕೆಳಗಿಳಿಯಬೇಕಾದ ಗಳಿಗೆಯೂ ಬರಬಹುದು. ಆಗ ಹಲವು ಮನೆಗಳಲ್ಲಿ ಕೈ ಹಿಂಜರಿಯುತ್ತದೆ. 'ಶುಗರ್ ಇದ್ದವರಿಗೆ ಸಕ್ಕರೆ ಕೊಡುವುದೇ?' ಎಂಬ ಸಂಶಯದಲ್ಲಿ ಕಳೆಯುವ ಹತ್ತು ನಿಮಿಷ ಒಂದು ಜೀವದ ಬೆಲೆಯಾಗಬಲ್ಲದು. ಇಂದಿನ ಮಾತು ಆ ಹತ್ತು ನಿಮಿಷಗಳ ಕುರಿತದ್ದು.

ರಕ್ತದಲ್ಲಿ ಸಕ್ಕರೆ ಏರುವುದೂ ಇಳಿಯುವುದೂ ಒಂದೇ ಬಗೆಯ ಅಪಾಯಗಳಲ್ಲ. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಳ ಅವಧಿಯಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಸವೆಸುತ್ತದೆ. ಇಳಿದ ಸಕ್ಕರೆ ನಿಮಿಷಗಳಲ್ಲಿ ಮಿದುಳನ್ನು ಹಿಡಿಯುತ್ತದೆ; ಏಕೆಂದರೆ ಮಿದುಳು ತನ್ನ ದಿನದ ಕೆಲಸಕ್ಕೆ ರಕ್ತದ ಗ್ಲೂಕೋಸನ್ನೇ ನೆಚ್ಚಿಕೊಂಡಿದೆ, ಅದನ್ನು ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲವೆಂದೇ ಹೇಳಬೇಕು. ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಸಕ್ಕರೆ ಕುಸಿತವೆಂದು ಪರಿಗಣಿಸಿ ಉಪಚರಿಸಬೇಕು. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಆದ್ದರಿಂದ ಅಳೆಯುವ ಯಂತ್ರ ಹತ್ತಿರವಿಲ್ಲದೆ ಸಂಶಯ ಬಂದಾಗ ಕುಸಿತವೆಂದೇ ಭಾವಿಸಿ ಸಕ್ಕರೆ ಕೊಡುವುದು ವಿವೇಕ. ಊಹೆ ತಪ್ಪಾಗಿದ್ದರೆ ಮೂರು ಚಮಚ ಸಕ್ಕರೆಯಿಂದ ಆಗುವ ಕೇಡು ಅಲ್ಪ. ಊಹೆ ಸರಿಯಾಗಿದ್ದೂ ಕೊಡದೆ ಹೋದರೆ ಆಗುವ ಹಾನಿ ತುಂಬಿ ಬಾರದು.

ಈ ಕುಸಿತವು ಮುಖ್ಯವಾಗಿ ಔಷಧದೊಡನೆ ಬರುವ ಕಷ್ಟ. ಇನ್ಸುಲಿನ್ ಮೊದಲ ಬಾರಿಗೆ ರೋಗಿಯೊಬ್ಬನಿಗೆ ದೊರೆತದ್ದು 1922ರ ಜನವರಿಯಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. ಆ ಮದ್ದನ್ನು ಅಳೆಯಲು ಆರಂಭದಲ್ಲಿ ಗೊತ್ತುಮಾಡಿದ 'ಯೂನಿಟ್' ಎಂಬ ಮಾನವು, ಉಪವಾಸವಿದ್ದ ಮೊಲವೊಂದರ ರಕ್ತದ ಸಕ್ಕರೆಯನ್ನು ಸೆಳೆತ ಬರುವ ಮಟ್ಟಕ್ಕೆ ಇಳಿಸುವಷ್ಟು ಪ್ರಮಾಣವಾಗಿತ್ತು. ಗುಳಿಗೆಗಳ ಕಥೆಯೂ ಇಂಥದೇ. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ವಿಷಮಶೀತ ಜ್ವರಕ್ಕೆಂದು ಸಲ್ಫಾ ಜಾತಿಯ ಮದ್ದೊಂದನ್ನು ಪ್ರಯೋಗಿಸಿದಾಗ ರೋಗಿಗಳ ರಕ್ತದ ಸಕ್ಕರೆ ಕುಸಿದುದು ಕಂಡುಬಂತು; ಆ ಅಪಾಯದ ಸುಳಿವಿನಿಂದಲೇ ಸಲ್ಫೊನೈಲ್‌ಯೂರಿಯಾ ವರ್ಗದ ಗುಳಿಗೆಗಳು ಹುಟ್ಟಿಕೊಂಡವು. ಇಂದು ಬಳಕೆಯಲ್ಲಿರುವ ಗ್ಲೈಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇವೆಲ್ಲ ಆ ವರ್ಗದವು. ಇವನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ಕುಸಿತಕ್ಕೆ ಈಡಾಗುವ ಸಂಭವ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಇದು ಅಪರೂಪ. ಹೀಗಾಗಿ ರೋಗಿಯ ಮನೆಯವರು ಗುಳಿಗೆಯ ಬಣ್ಣವನ್ನಲ್ಲ, ಹೆಸರನ್ನು ಅರಿತಿರಬೇಕು.

ಲಕ್ಷಣಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಸಂದರ್ಭವನ್ನು ಮನಸ್ಸಿಗೆ ತಂದುಕೊಳ್ಳುವುದು ಮೇಲು. ಕಬ್ಬಿಗೆ ನೀರು ಹಾಯಿಸಬೇಕಾದ ಅರವತ್ತು ದಾಟಿದ ರೈತರೊಬ್ಬರಿದ್ದಾರೆಂದು ಊಹಿಸೋಣ. ತ್ರೀ ಫೇಸ್ ವಿದ್ಯುತ್ತಿನ ಪಾಳಿ ಅಂದು ರಾತ್ರಿ ಬಿದ್ದಿದೆ. ಸಂಜೆಯ ಗುಳಿಗೆ ನುಂಗಿಯಾಗಿದೆ. ಕರೆಂಟು ಬಂತೆಂಬ ಅವಸರದಲ್ಲಿ ರೊಟ್ಟಿ ಅರ್ಧಕ್ಕೇ ಉಳಿದಿದೆ. ಕೆಸರಿನಲ್ಲಿ ಎರಡು ತಾಸು ಸಲಿಕೆ ಹಿಡಿದು ಮಡೆ ತಿರುವಿದ ಮೇಲೆ, ಚಳಿಯ ರಾತ್ರಿಯಲ್ಲೂ ಅವರ ಅಂಗಿ ಬೆವರಿನಿಂದ ತೊಯ್ಯುತ್ತದೆ. ಕೈ ನಡುಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಹೊಟ್ಟೆಯಲ್ಲಿ ಬೆಂಕಿ ಬಿದ್ದಂತೆ ಹಸಿವು, ತುಟಿಯ ಸುತ್ತ ಜುಮುಜುಮು. ಇದು ದೇಹ ಕೊಡುವ ಮೊದಲ ಕೂಗು. ಇಷ್ಟರಲ್ಲೇ ಕುಳಿತು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು. 'ಈ ಸಾಲು ಮುಗಿಸಿಯೇ ಹೋಗೋಣ' ಎಂದುಕೊಂಡರೆ ಎರಡನೆಯ ಹಂತ: ಕಣ್ಣು ಮಂಜು, ಒಂದು ಎರಡಾಗಿ ಕಾಣುವುದು, ಹೆಜ್ಜೆ ತಪ್ಪುವುದು, ನಾಲಿಗೆ ತೊದಲುವುದು, ಕಾರಣವಿಲ್ಲದ ಸಿಟ್ಟು. ಈ ಹಂತದಲ್ಲಿ ರೋಗಿಗೆ ತನಗೇನಾಗುತ್ತಿದೆ ಎಂಬ ಅರಿವೇ ಇರುವುದಿಲ್ಲ. ಸಕ್ಕರೆ ಕೊಡಲು ಬಂದ ಮಗನನ್ನೇ ದೂಡಬಹುದು, 'ನನಗೇನೂ ಆಗಿಲ್ಲ' ಎಂದು ಗದರಿಸಬಹುದು. ಮೂರನೆಯದು ಸೆಳೆತ ಮತ್ತು ಪ್ರಜ್ಞಾಹೀನತೆ. ಹೊಲದಲ್ಲಿ ಒಬ್ಬರೇ ಇದ್ದರೆ ಅಲ್ಲಿಗೆ ತಲುಪುವವರು ಯಾರು?

ತೊದಲುವ, ತೂರಾಡುವ ಮನುಷ್ಯನನ್ನು ಕಂಡ ಕೂಡಲೇ ಊರು ಕೊಡುವ ತೀರ್ಪು ಒಂದೇ: ಕುಡಿದಿದ್ದಾನೆ. ಹೆಣ್ಣುಮಗಳಾದರೆ, ಅದೂ ಜಾತ್ರೆಯ ದಿನಗಳಾದರೆ, ಮೈಮೇಲೆ ಬಂದಿದೆ ಎಂಬ ಮಾತು. ವೃದ್ಧರಾದರೆ ಪಾರ್ಶ್ವವಾಯು ಅಥವಾ ಅರಳುಮರಳು. ಈ ಯಾವ ತೀರ್ಪನ್ನು ಕೊಡುವ ಮೊದಲೂ 'ಇವರಿಗೆ ಶುಗರ್ ಇದೆಯೇ, ಗುಳಿಗೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆಯೇ, ಇಂದು ಊಟವಾಗಿದೆಯೇ' ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಕುಡಿದವರನ್ನು ಕೂಡ ಹಾಗೆಯೇ ಬಿಡಲಾಗದು. ಖಾಲಿ ಹೊಟ್ಟೆಯ ಮದ್ಯವು ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವುದನ್ನು ತಡೆಯುತ್ತದೆ. ಅಂಥವರಲ್ಲಿ ಕುಸಿತ ಮರುದಿನ ಬೆಳಗಿನವರೆಗೂ ಹೊಂಚಿರುತ್ತದೆ.

ಕೆಲವರಲ್ಲಿ ಮೊದಲ ಕೂಗೇ ಕೇಳಿಸದು. ಮೇಲಿಂದ ಮೇಲೆ ಕುಸಿತ ಕಂಡವರ ದೇಹವು ಎಚ್ಚರಿಕೆ ಕೊಡುವುದನ್ನು ಕ್ರಮೇಣ ಮರೆಯುತ್ತದೆ. ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಗುಳಿಗೆ ತೆಗೆದುಕೊಳ್ಳುವವರಲ್ಲಿ ನಡುಕ ಮತ್ತು ಎದೆಬಡಿತ ಮುಚ್ಚಿಹೋಗಬಹುದು. ಬೆವರು ಮಾತ್ರ ಉಳಿದಿರುತ್ತದೆ. ನಿದ್ರೆಯಲ್ಲಿ ಕುಸಿದರೆ ಕೆಟ್ಟ ಕನಸು, ನರಳಾಟ, ತೊಯ್ದ ಹಾಸಿಗೆ, ಬೆಳಗಿನ ತಲೆನೋವು ಇವೇ ಗುರುತು.

ಇನ್ನು ಉಪಚಾರ. ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ, ಎಂದರೆ ಚಹಾ ಚಮಚದಿಂದ ಮೂರು ಚಮಚ, ಅರ್ಧ ಲೋಟ ನೀರಿನಲ್ಲಿ ಕಲಕಿ ಕುಡಿಸಬೇಕು. ಅಷ್ಟೇ ಗ್ಲೂಕೋಸ್ ಪುಡಿಯೂ ಆದೀತು. ಹೊಲದಲ್ಲಾದರೆ ಅರ್ಧ ಲೋಟ ಕಬ್ಬಿನ ಹಾಲೂ ಆದೀತು. ಬಳಿಕ 15 ನಿಮಿಷ ಕಾಯಬೇಕು. ಈ ಕಾಯುವಿಕೆಯೇ ಕಠಿಣ. ಗಾಬರಿಯಲ್ಲಿ ಲೋಟದ ಮೇಲೆ ಲೋಟ ಕುಡಿಸಿ ಸಕ್ಕರೆಯನ್ನು ಮುನ್ನೂರಕ್ಕೆ ಏರಿಸುವುದೂ ಉಂಟು. ಹದಿನೈದು ನಿಮಿಷದ ನಂತರವೂ 70 ದಾಟದಿದ್ದರೆ, ಇಲ್ಲವೇ ಲಕ್ಷಣಗಳು ಇಳಿಯದಿದ್ದರೆ, ಮತ್ತೆ ಅಷ್ಟೇ ಕೊಡಬೇಕು. ಚೇತರಿಸಿಕೊಂಡ ಮೇಲೆ ರೊಟ್ಟಿ, ಅನ್ನದಂತಹ ಗಟ್ಟಿ ಆಹಾರ ಉಣ್ಣಿಸಬೇಕು. ಮೊದಲಿಗೇ ರೊಟ್ಟಿ ಕೊಟ್ಟರೆ ಅದು ಕರಗಿ ರಕ್ತಕ್ಕೆ ಸೇರುವವರೆಗೆ ಮಿದುಳು ಕಾಯಲಾರದು. ಪೇಢೆ, ಚಾಕೊಲೇಟುಗಳಲ್ಲಿನ ಜಿಡ್ಡು ಸಕ್ಕರೆಯನ್ನು ತಡಮಾಡುತ್ತದೆ. ಸಕ್ಕರೆ ರಹಿತ ಚಹಾ, 'ಡಯಟ್' ಪಾನೀಯಗಳು ಇಲ್ಲಿ ನಿರುಪಯುಕ್ತ. ಮಕ್ಕಳಿಗೆ ಪ್ರಮಾಣ ಕಡಿಮೆ: ಹದಿನೈದು ಕಿಲೋ ತೂಕದ ಮಗುವಿಗೆ ಒಂದು ಚಮಚ, ಮೂವತ್ತು ಕಿಲೋ ತೂಕದ ಮಗುವಿಗೆ ಎರಡು. ಇನ್ಸುಲಿನ್ ಪಡೆಯುವ ಮಗು ಶಾಲೆಯಲ್ಲಿದ್ದರೆ ಇಷ್ಟನ್ನು ಶಿಕ್ಷಕರೂ ಬಿಸಿಯೂಟದ ಅಡುಗೆಯವರೂ ತಿಳಿದಿರತಕ್ಕದ್ದು.

ಇದಕ್ಕೊಂದು ಅಪವಾದವಿದೆ; ಹೆಚ್ಚಿನವರಿಗೆ ಅದು ತಿಳಿಯದು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮದ್ದು ಸೇರಿರುವ ಗುಳಿಗೆಯನ್ನು ನುಂಗುವವರಲ್ಲಿ ಅಡುಗೆಮನೆಯ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲ, ಏಕೆಂದರೆ ಹಾಗೆ ಒಡೆಯದಂತೆ ತಡೆಯುವುದೇ ಆ ಮದ್ದಿನ ಕೆಲಸ. ಇವು ಗ್ಲೈಮೆಪಿರೈಡ್ ಜೊತೆಗೂಡಿ ಒಂದೇ ಗುಳಿಗೆಯಾಗಿಯೂ ಬರುತ್ತವೆ. ಇಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವೇ ಇರಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸಕ್ಕರೆ, ಬೆಲ್ಲ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟೀತು. ಸೆಳೆತ ಬಂದವರ ಹಲ್ಲುಗಳ ನಡುವೆ ಚಮಚ ತುರುಕುವುದೂ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದೂ, ಕೈಗೆ ಕಬ್ಬಿಣ ಕೊಡುವುದೂ ಕಾಲಹರಣ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಿಗಿ ಬಟ್ಟೆ ಸಡಿಲಿಸಿ, 108ಕ್ಕೆ ಕರೆ ಮಾಡಬೇಕು. ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಈ ಸೇವೆ ಇದೆ. ಕರೆಯಲ್ಲಿ 'ಮಧುಮೇಹಿ, ಪ್ರಜ್ಞೆ ಇಲ್ಲ' ಎಂಬ ಎರಡು ಮಾತುಗಳನ್ನು ಮೊದಲು ಹೇಳಬೇಕು. ಆಸ್ಪತ್ರೆಯಲ್ಲಿ ನರಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟಾಗ ಹಲವರು ಕೆಲವೇ ನಿಮಿಷಗಳಲ್ಲಿ ಕಣ್ತೆರೆಯುತ್ತಾರೆ.

ಅಪಾಯದ ಎರಡನೆಯ ಬಾಗಿಲು ತೆರೆಯುವುದು ಇಲ್ಲಿಯೇ. ಎದ್ದು ಕುಳಿತು ಮಾತನಾಡಿದ ಹಿರಿಯರನ್ನು ಕಂಡು ಮನೆಯವರು ಗಾಡಿ ತಿರುಗಿಸುತ್ತಾರೆ. ಸಲ್ಫೊನೈಲ್‌ಯೂರಿಯಾ ಗುಳಿಗೆಯಿಂದ ಕುಸಿದವರಲ್ಲಿ ಮದ್ದು ಇನ್ನೂ ರಕ್ತದಲ್ಲಿರುತ್ತದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಅದು ಮತ್ತಷ್ಟು ಕಾಲ ನಿಲ್ಲುತ್ತದೆ. ಕೆಲವು ತಾಸಿನ ನಂತರ, ಮನೆಮಂದಿಯೆಲ್ಲ ಮಲಗಿದ ಮೇಲೆ, ಸಕ್ಕರೆ ಮತ್ತೆ ಕುಸಿಯಬಹುದು. ಇವರಿಗೆ ಕನಿಷ್ಠ 24 ಗಂಟೆಗಳ ನಿಗಾ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ವೃದ್ಧರಿಗೆ ಗ್ಲಿಬೆನ್‌ಕ್ಲಮೈಡ್ ಸಲ್ಲದೆಂಬ ವೈದ್ಯಕೀಯ ಸಲಹೆಗೆ ಇದೇ ಕಾರಣ. ಹಳೆಯ ಚೀಟಿಯನ್ನೇ ಔಷಧ ಅಂಗಡಿಯಲ್ಲಿ ತೋರಿಸಿ ವರ್ಷಗಟ್ಟಲೆ ಅದನ್ನೇ ನುಂಗುತ್ತಿರುವವರು ಒಮ್ಮೆ ವೈದ್ಯರ ಎದುರು ಚೀಟಿ ಬಿಚ್ಚಲೇಬೇಕು. ಹೆದರಿ ತಾವಾಗಿಯೇ ಮದ್ದು ನಿಲ್ಲಿಸುವುದೂ ಸಲ್ಲದು. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಗಳಲ್ಲಿ ಸಿರಿಂಜನ್ನೊಮ್ಮೆ ನೋಡುವುದು ಅಗತ್ಯ. ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯೂ 100 ಯೂನಿಟ್ ಇರುವ ಸೀಸೆಯೂ ಸಿಗುತ್ತವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದುಕೊಂಡರೆ ಮದ್ದು ಎರಡೂವರೆ ಪಟ್ಟು ಹೆಚ್ಚಾಗಿ ಒಳಹೋಗುತ್ತದೆ. ಅಕ್ಷರ ಬಾರದ ಅಜ್ಜಿಗೂ ಸೀಸೆ ಮತ್ತು ಮುಚ್ಚಳ ಎದುರಿಗಿಟ್ಟು ತೋರಿಸಿದರೆ ಇದು ತಿಳಿಯುವ ವಿಷಯ. ಇನ್ನು 30/70 ಮಿಶ್ರಣದ ಇನ್ಸುಲಿನ್ ತೆಗೆದುಕೊಂಡವರು ಅರ್ಧ ಗಂಟೆಯೊಳಗೆ ಉಣ್ಣಬೇಕು. ತಾಟು ಎದುರಿಗೆ ಬರುವ ಖಾತ್ರಿಯಿಲ್ಲದೆ ಸೂಜಿ ಮುಟ್ಟಬಾರದು.

ಈ ಸೀಮೆಯ ಬದುಕಿನಲ್ಲಿ ಊಟದ ಹೊತ್ತು ತಪ್ಪುವ ಸಂದರ್ಭಗಳು ಹಲವು. ಕಬ್ಬು ಕಡಿಯುವ ತಂಡಗಳು ನಸುಕಿಗೇ ಹೊಲಕ್ಕಿಳಿಯುತ್ತವೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರು ಎಣಿಕೆ ಮುಗಿಯುವ ತನಕ ಹಸಿವನ್ನು ಮುಂದೂಡುತ್ತಾರೆ. ಆಷಾಢ, ಕಾರ್ತಿಕಗಳಲ್ಲಿ ಪಂಢರಪುರಕ್ಕೆ ನಡೆಯುವವರು, ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟವರು ನಿತ್ಯಕ್ಕಿಂತ ಹೆಚ್ಚು ನಡೆಯುತ್ತಾರೆ, ಕಡಿಮೆ ಉಣ್ಣುತ್ತಾರೆ, ಗುಳಿಗೆ ಮಾತ್ರ ಅಷ್ಟೇ. ಏಕಾದಶಿ, ನವರಾತ್ರಿ, ರಂಜಾನ್ ಉಪವಾಸಗಳನ್ನು ಬಿಡಿರೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮದ್ದಿನ ಹೊತ್ತು ಮತ್ತು ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಉಪವಾಸದ ನಡುವೆ ಸಕ್ಕರೆ 70ಕ್ಕಿಂತ ಇಳಿದರೆ ಆ ಕ್ಷಣವೇ ಉಪವಾಸ ಮುರಿಯಬೇಕು. ಬೆರಳಿನಿಂದ ರಕ್ತದ ಹನಿ ತೆಗೆದು ನೋಡಿದರೆ ರೋಜಾ ಮುರಿಯುವುದಿಲ್ಲವೆಂದು ಧಾರ್ಮಿಕ ವಿದ್ವಾಂಸರೂ ಒಪ್ಪಿದ್ದಾರೆ.

ಎರಡೆರಡು ಟ್ರಾಲಿ ಕಬ್ಬು ಹೇರಿ ಕಾರ್ಖಾನೆಯ ಸರದಿಯಲ್ಲಿ ರಾತ್ರಿಯಿಡೀ ಕಾಯುವ ಟ್ರ್ಯಾಕ್ಟರ್ ಚಾಲಕರ ಮಾತು ಬೇರೆಯೇ, ಏಕೆಂದರೆ ಅವರ ಕುಸಿತ ಅವರೊಬ್ಬರದಲ್ಲ. ಬೆವರು, ನಡುಕ ಕಂಡ ಕೂಡಲೇ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಸಕ್ಕರೆ ತಿನ್ನಬೇಕು. ಸರಿಹೋದ ಮೇಲೂ ಮುಕ್ಕಾಲು ಗಂಟೆ ಚಕ್ರ ಹಿಡಿಯಕೂಡದು. ರಕ್ತದ ಸಕ್ಕರೆ ಏರಿದರೂ ಮಿದುಳು ಹಾದಿಗೆ ಬರಲು ಅಷ್ಟು ಹೊತ್ತು ಬೇಕು.

ಆಶಾ ಕಾರ್ಯಕರ್ತೆಯರು ಮಧುಮೇಹಿಗಳ ಮನೆಗೆ ಭೇಟಿ ನೀಡಿದಾಗ ಗುಳಿಗೆ ಪೊಟ್ಟಣದ ಮೇಲಿನ ಹೆಸರನ್ನು ಓದಿ ಮನೆಯವರಿಗೆ ತಿಳಿಸತಕ್ಕದ್ದು. ಕಳೆದ ತಿಂಗಳಲ್ಲಿ ಬೆವರು, ನಡುಕ, ರಾತ್ರಿ ನರಳಾಟ ಕಂಡಿತ್ತೇ ಎಂದು ರೋಗಿಯನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗುವವರನ್ನೂ ಕೇಳತಕ್ಕದ್ದು. ಕಂಡಿದ್ದರೆ ದಿನಾಂಕ, ಹೊತ್ತು, ಅಂದು ಉಂಡದ್ದು ಏನು ಎಂಬುದನ್ನು ರೋಗಿಯ ಕಾರ್ಡಿನಲ್ಲಿ ಬರೆದು, ಅದೇ ವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಬೇಕು. ಮತ್ತು ಹೊರಡುವ ಮುನ್ನ ಮನೆಯೊಡತಿಯನ್ನು ಕೇಳಬೇಕು: ರಾತ್ರಿ ದೀಪ ಹೋದಾಗಲೂ ಕೈಗೆ ಸಿಗುವಂತೆ ಸಕ್ಕರೆ ಡಬ್ಬಿ ಎಲ್ಲಿದೆ?