ಒಲೆಯ ಹೊಗೆಕೊಳವೆ ಗುಡಿಸುವವರು ಯಾರು?

ಇವತ್ತಿನ ಮಾತು ಮನೆಯೊಳಗಿನ ಗಾಳಿಯ ಬಗ್ಗೆ. ದಿಲ್ಲಿಯಲ್ಲಿ ಹೊಗೆ ಕವಿದರೆ ಟಿವಿಯಲ್ಲಿ ಬರ್ತದೆ. ನಮ್ಮ ಅಡುಗೆಮನೆಯಲ್ಲಿ ಹೊಗೆ ಕವಿದರೆ ಯಾವ ಪತ್ರಿಕೆಯಲ್ಲೂ ಬರೋದಿಲ್ಲ. ಆದರೆ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು ಹೇಳುತ್ತದೆ.

ನಾನು ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಒಲೆ ಕಟ್ಟುವವ. 1980ರ ದಶಕದ ಕೊನೆಗೆ ತರಬೇತಿ ತಗೊಂಡು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ ಅಸ್ತ್ರ ಒಲೆ ಕಟ್ಟುತ್ತ ಬಂದೆ. ಆಗ ಇದೆಲ್ಲ ಇನ್ನೂ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಈಗ ಹೊಸ ಒಲೆ ಕಟ್ಟಿಸುವವರು ಕಡಿಮೆ. ಬರುವ ಫೋನ್ ಎಲ್ಲ ಒಂದೇ ಥರ: "ಅಣ್ಣಾರ, ಹೊಗಿ ಮನ್ಯಾಗ ತಿರಗಾಕತ್ತೈತಿ, ಬಂದು ನೋಡ್ರಿ." ಹೋಗಿ ನೋಡಿದರೆ ಬಹಳಷ್ಟು ಸಲ ಒಲೆ ಚಲೋನೇ ಇರ್ತದೆ. ಹೊಗೆ ಹೋಗುವ ಕೊಳವೆ ಕಟ್ಟಿಕೊಂಡಿರ್ತದೆ.

ಅಸ್ತ್ರ ಒಲೆ ಅಂದ್ರೆ ಏನು ಅಂತ ಸಣ್ಣ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋದು ಅದರ ಕೆಲಸ. ಅಲ್ಲಿಂದ ಬಂದದ್ದೇ ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಒಳಗೆ ಕಬ್ಬಿಣದ ಜಾಲರಿ, ಹಿಂದೆ ಮಾಳಿಗೆ ದಾಟಿ ಹೋಗುವ ಕೊಳವೆ. ಕಟ್ಟಿಗೆ ಕಡಿಮೆ, ಅಡುಗೆ ಲಗೂನ, ಹೊಗೆ ಹೊರಗೆ. ಇಂಥ ಒಲೆಗಳನ್ನ ದೇಶದ ತುಂಬ ಹಂಚಲಿಕ್ಕೆ ಕೇಂದ್ರ ಸರಕಾರದ ಕಾರ್ಯಕ್ರಮವೂ ಇತ್ತು. 1980ರ ದಶಕದಲ್ಲಿ ಹುಟ್ಟಿ 2002ರ ಹೊತ್ತಿಗೆ ಅದು ನಿಂತಿತು.

ಕೊಳವೆ ಹೆಂಗೆ ಕೆಲಸ ಮಾಡ್ತದೆ? ಬಿಸಿ ಗಾಳಿ ಹಗುರ, ಅದು ಮೇಲೆ ಏರ್ತದೆ. ಏರುವಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನ ಎಳ್ಕೊಳ್ತದೆ. ಅಷ್ಟೇ. ಅದಕ್ಕೆ ಕರೆಂಟ್ ಬೇಡ, ಫ್ಯಾನ್ ಬೇಡ, ದಾರಿ ಖಾಲಿ ಇದ್ದರೆ ಸಾಕು. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನಾಲ್ಕು ಇಂಚಿನ ಕೊಳವೆ. ಒಳಗೆ ಸುತ್ತಲೂ ಬರೀ ಅರ್ಧ ಇಂಚು ಮಸಿ ಕೂತಿದೆ. ಉಳಿದ ಬಾಯಿ ಮೂರು ಇಂಚು. "ಒಂದ ಇಂಚು ಹೋದ್ರ ಏನಾತು?" ಅಂತೀರಿ. ಆದರೆ ಹೊಗೆ ಹೋಗೋದು ಬಾಯಿಯ ವಿಸ್ತಾರದಲ್ಲಿ. ನಾಲ್ಕು ನಾಲ್ಕಲಿ ಹದಿನಾರು, ಮೂರು ಮೂರಲಿ ಒಂಬತ್ತು. ಹದಿನಾರು ಪಾಲು ಇದ್ದ ದಾರಿ ಒಂಬತ್ತಕ್ಕೆ ಇಳೀತು. ಹೆಚ್ಚೂಕಡಿಮೆ ಅರ್ಧ! ಮಿಕ್ಕ ಹೊಗೆ ಎಲ್ಲಿಗೆ ಹೋಗಬೇಕು? ಒಲೆಯ ಬಾಯಿಗೇ ವಾಪಸ್ ಬರ್ತದೆ, ಅಲ್ಲಿಂದ ಅಡುಗೆ ಮಾಡುವವರ ಎದೆಗೆ.

ನಮ್ಮ ಕಡೆ ಮಸಿ ಬೇಗ ಕೂರಲಿಕ್ಕೆ ಕಾರಣವೂ ಇದೆ. ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು, ಕುಳ್ಳು, ಸಿಕ್ಕ ಪುಳ್ಳಿ. ಬೇಸಿಗೆಯಲ್ಲಿ ಒಣಗಿರ್ತಾವೆ, ಮಳೆಗಾಲದಲ್ಲಿ ಹಸಿ. ಹಸಿ ಕಟ್ಟಿಗೆ ಉರಿಯೋದಕ್ಕಿಂತ ಹೆಚ್ಚು ಹೊಗೆಯಾಡ್ತದೆ. ಆ ಹೊಗೆ ತಣ್ಣನೆಯ ಕೊಳವೆಗೆ ತಾಗಿ ಡಾಂಬರಿನ ಹಂಗೆ ಜಿಗುಟಾಗಿ ಅಂಟ್ತದೆ. ಅದರ ಮೇಲೆ ಒಣ ಮಸಿ, ಮತ್ತೆ ಜಿಗುಟು. ಹೀಗೆ ಪದರ ಪದರ. ಕೊನೆಗೆ ಒಂದು ದಿನ ಆ ಮಸಿಗೇ ಬೆಂಕಿ ಹತ್ತುವುದೂ ಉಂಟು.

ಇಷ್ಟೆಲ್ಲ ನನ್ನ ಅನುಭವ. ಇದನ್ನೇ ಅಳೆದು ನೋಡಿದವರೂ ಇದ್ದಾರೆ. ಅರ್ಥಶಾಸ್ತ್ರದ ನೊಬೆಲ್ ಬಂದ ಎಸ್ತರ್ ಡುಫ್ಲೊ, ಅವರ ಜೊತೆ ರೀಮಾ ಹನ್ನಾ ಮತ್ತು ಮೈಕೆಲ್ ಗ್ರೀನ್‌ಸ್ಟೋನ್, ಒಡಿಶಾದ ಹಳ್ಳಿಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳನ್ನ ಹಿಡಿದು ಕೊಳವೆ ಇರುವ ಸುಧಾರಿತ ಒಲೆಗಳ ಪರಿಣಾಮ ನೋಡಿದರು. ಒಂದು ದಿನ ಅಲ್ಲ, ನಾಲ್ಕು ವರ್ಷದವರೆಗೆ. ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಕಡಿಮೆಯಾಯ್ತು. ಆಮೇಲೆ ಆ ಲಾಭ ಕರಗಿಹೋಯ್ತು. ಆರೋಗ್ಯದಲ್ಲಿ ಫರಕು ಕಾಣಲಿಲ್ಲ. ಜನ ಒಲೆಯನ್ನ ಸರಿಯಾಗಿ, ನಿಯಮಿತವಾಗಿ ಬಳಸಲಿಲ್ಲ, ನಿರ್ವಹಣೆ ಮಾಡಲಿಲ್ಲ. 2016ರಲ್ಲಿ ಈ ಅಧ್ಯಯನ ಪ್ರಕಟವಾದಾಗ ಕೆಲವರು "ಹಂಗಾದ್ರ ಒಲಿನ ಕೆಟ್ಟದ್ದು" ಅಂದರು. ನನಗೆ ಹಂಗೆ ಅನಿಸಲಿಲ್ಲ. ಒಲೆ ಕೊಟ್ಟವರಿದ್ದರು, ಅದನ್ನ ನೋಡ್ಕೊಳ್ಳೋದು ಯಾರ ಕೆಲಸ ಅಂತ ತೀರ್ಮಾನವಾಗಿರಲಿಲ್ಲ.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಬ್ಯಾಡಗಿ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಆ ತಾಯಿ ಸುಗ್ಗಿಯಲ್ಲಿ ಹಗಲೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗ್ತಾರೆ. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಅಂತೀವಿ. ಆದರೂ ದಿನಪೂರ್ತಿ ಅದರ ಧೂಳಿನಲ್ಲಿ ಕೂತವರ ಗಂಟಲು ಕೇಳಬೇಕು. ಸಂಜೆ ಮನೆಗೆ ಬಂದರೆ ಒಲೆಯ ಹೊಗೆ. ಕೊಳವೆ ಎಷ್ಟು ದಿನದಿಂದ ಗುಡಿಸಿಲ್ಲ ಅಂತ ಕೇಳಿದೆ. ಅವರು ಅಂದದ್ದು: "ಮಾಳಿಗಿ ಏರಾಕ ನನಗ ಆಗಂಗಿಲ್ರಿ. ಏರಾವ್ರಿಗೆ ಹೊಗಿ ಗೊತ್ತಾಗಂಗಿಲ್ಲ."

ಎಷ್ಟು ಖರೆ ಮಾತು ನೋಡ್ರಿ. ಹೊಗೆ ಕುಡಿಯುವವರು ಒಬ್ಬರು, ಏಣಿ ಹತ್ತುವವರು ಇನ್ನೊಬ್ಬರು. ಅದೇ ಮನೆಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಅದರ ಏರ್ ಫಿಲ್ಟರ್ ಯಾವಾಗ ಝಾಡಿಸಿದ್ರಿ ಅಂತ ಯಜಮಾನರನ್ನ ಕೇಳಿದರೆ ತಾರೀಖು ಸಮೇತ ಹೇಳಿದರು. ಧೂಳು ತುಂಬಿದರೆ ಇಂಜಿನ್ ಹೊಗೆ ಉಗುಳ್ತದೆ, ಡೀಸೆಲ್ ಕುಡೀತದೆ ಅಂತ ಅವರಿಗೆ ಗೊತ್ತು. ಅಂಥ ತಿಳಿವಳಿಕೆ ಇರುವವರಿಗೆ ಕೊಳವೆ ಗುಡಿಸೋದು ದೊಡ್ಡ ಮಾತಲ್ಲ. ಅದು ತಮ್ಮ ಕೆಲಸ ಅಂತ ಅನಿಸಬೇಕು, ಅಷ್ಟೇ. ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡ್ತೀರಲ್ಲ, ಅದೇ ದಿನ ಇದಕ್ಕೂ ಅರ್ಧ ತಾಸು ಕೊಡ್ರಿ. ತಿಂಗಳಿಗೊಮ್ಮೆ ಆಗದಿದ್ದರೆ ಕಾರಹುಣ್ಣಿಮೆ ಮುಂದೆ ಒಮ್ಮೆ, ಮಹಾನವಮಿಗೆ ಮನೆ ಸ್ವಚ್ಛ ಮಾಡುವಾಗ ಒಮ್ಮೆ. ಅದಕ್ಕೂ ಕಡಿಮೆ ಬೇಡ.

ಹೆಂಗೆ ಗುಡಿಸಬೇಕು ಹೇಳ್ತೀನಿ. ಒಲೆ ರಾತ್ರಿಯಿಡೀ ಆರಿರಬೇಕು. ಪಾತ್ರೆ ಕೂರುವ ಬಾಯಿಗಳ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ಗಟ್ಟಿ ಹಗ್ಗದ ನಡುವೆ ತೆಂಗಿನ ನಾರಿನ ಉಂಡೆ ಕಟ್ಟಿ, ಕೊಳವೆಗೆ ಬಿಗಿಯಾಗಿ ತಾಗುವಷ್ಟು ದಪ್ಪ. ಹಗ್ಗದ ತುದಿಗೆ ಸಣ್ಣ ಕಲ್ಲು ಕಟ್ಟಿ ಮೇಲಿಂದ ಬಿಡಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ, ನಾಲ್ಕೈದು ಸಲ ಮೇಲೆ ಕೆಳಗೆ ಎಳೆದರೆ ಮುಗೀತು. ಮೂಗು ಬಾಯಿಗೆ ಬಟ್ಟೆ ಕಟ್ಟಿರಬೇಕು. ಬಿದ್ದ ಮಸಿಗೆ ನೀರು ಚಿಮುಕಿಸಿ ತೆಗೀರಿ. ಕೊಳವೆಯ ತುದಿಯಲ್ಲಿ ಗುಬ್ಬಿ ಗೂಡು, ಜೇಡ ಏನಾದರೂ ಇದೆಯಾ ನೋಡ್ರಿ. ಮಕ್ಕಳನ್ನ ಮಾತ್ರ ಮಾಳಿಗೆ ಹತ್ತಿಸಬ್ಯಾಡ್ರಿ.

ಒಂದು ಎಚ್ಚರಿಕೆ. ಹಳೆಯ ಕೊಳವೆಗಳು ಬಹಳಷ್ಟು ಕಲ್ನಾರಿನವು, ಅಂದ್ರೆ ಆಸ್ಬೆಸ್ಟಾಸ್ ಸಿಮೆಂಟ್. ಅದರ ಸಣ್ಣ ಎಳೆ ಉಸಿರಿನೊಳಗೆ ಹೋದರೆ ಕ್ಯಾನ್ಸರ್ ತರಬಲ್ಲದು. ಅಂಥ ಕೊಳವೆಯನ್ನ ತಂತಿ ಬ್ರಷ್ ಹಾಕಿ ಕೆರೆಯೋದು, ಗರಗಸದಿಂದ ಕೊಯ್ಯೋದು ಮಾಡಬೇಡಿ. ಮೆತ್ತನೆಯ ಒದ್ದೆ ನಾರು ಸಾಕು. ಬಿರುಕು ಬಿಟ್ಟಿದ್ದರೆ ಬದಲಿಸಿ, ತಗಡಿನ ಕೊಳವೆ ಹಾಕಿಸಿ.

ದಾರಿ ಬಿಟ್ಟಿದೆಯೋ ಇಲ್ಲವೋ ತಿಳಿಯಲು ಒಂದು ಊದಿನಕಡ್ಡಿ ಸಾಕು. ಒಲೆ ಹೊತ್ತಿಸಿದ ಮೇಲೆ ಅದರ ಬಾಯಿ ಹತ್ತಿರ ಹಿಡೀರಿ. ಊದಿನಕಡ್ಡಿ ಹೊಗೆ ಒಳಗೆ ಹೋದರೆ ಸರಿ, ನಿಮ್ಮ ಮುಖದ ಕಡೆ ಬಂದರೆ ಕೊಳವೆ ಕಟ್ಟಿದೆ. ನಮ್ಮಲ್ಲಿ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕ್ತಾರಲ್ಲ, ಘಾಟು ಬರದಿದ್ದರೆ ದೃಷ್ಟಿ ಬಹಳ ಆಗಿತ್ತು ಅಂತಾರೆ. ಕೊಳವೆ ಸ್ವಚ್ಛ ಇದ್ದ ಮನೆಯಲ್ಲಿ ಯಾವತ್ತೂ ಘಾಟು ಬರೋದಿಲ್ರಿ, ಬ್ಯಾಡಗಿ ಮೆಣಸಿನಕಾಯೇ ಹಾಕ್ರಿ!

"ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆಯಲ್ಲ" ಅಂತ ನೀವು ಕೇಳಬಹುದು. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಡವರ ಮನೆಗೂ ಬಂತು, ಒಳ್ಳೇದಾಯ್ತು. ಆದರೆ ಚಹಾ, ಒಗ್ಗರಣೆ ಗ್ಯಾಸ್ ಮೇಲೆ. ರೊಟ್ಟಿ, ಮುದ್ದೆ, ಜಳಕದ ನೀರು ಕಟ್ಟಿಗೆ ಮೇಲೆ. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಹೀಗೇ. ಬಚ್ಚಲ ಒಲೆಗೆ ಹಂಡೆ ಹೂಡಿ ಕೈಗೆ ಸಿಕ್ಕದ್ದನ್ನ ತುರುಕ್ತೀವಿ. ಪ್ಲಾಸ್ಟಿಕ್, ಹಳೆ ಚಪ್ಪಲಿ ಕೂಡ. ಅದನ್ನ ದಯವಿಟ್ಟು ನಿಲ್ಲಿಸ್ರಿ. ಪ್ಲಾಸ್ಟಿಕ್ ಹೊಗೆ ವಿಷ, ಕೊಳವೆ ಎಷ್ಟೇ ಸ್ವಚ್ಛ ಇದ್ದರೂ ವಿಷವೇ.

ಇನ್ನು ಕೊಳವೆಯೇ ಇಲ್ಲದ ಒಂದು ಒಲೆ ಇದೆ, ಬಾಣಂತಿ ಕೋಣೆಯ ಶೆಗಡಿ. ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಕಟ್ಟಿ, ಹೊರಸಿನ ಕೆಳಗೆ ಕೆಂಡ. ಶೀತ ಆಗಬಾರದು ಅನ್ನುವ ಹಿರಿಯರ ಕಾಳಜಿ ನನಗೂ ಅರ್ಥ ಆಗ್ತದೆ. ಆದರೆ ಕೆಂಡದಲ್ಲಿ ಕಣ್ಣಿಗೆ ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬರ್ತಾ ಇರ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಎಚ್ಚರ ತಪ್ಪುತ್ತದೆ. ಎಂಟು ದಿನದ ಕೂಸು ತಲೆನೋವು ಅಂತ ಹೇಳೀತೇ? ಕೋಣೆ ಬೆಚ್ಚಗೆ ಇಡಬೇಕಾದರೆ ಕೆಂಡ ಹೊರಗೆ ಇಟ್ಟು ಬಟ್ಟೆ ಕಾಯಿಸಿ ತನ್ನಿ, ಬಿಸಿನೀರಿನ ಚೀಲ ಬಟ್ಟೆಯಲ್ಲಿ ಸುತ್ತಿ ತಾಯಿಯ ಕಾಲಿಗೆ ಕೊಡಿ, ಕೂಸಿಗೆ ಟೊಪ್ಪಿಗೆ ಹಾಕಿ ತಾಯಿಯ ಮೈಗೆ ಹಚ್ಚಿ ಮಲಗಿಸಿ. ಕೆಂಡ ಇಟ್ಟು ಬಾಗಿಲು ಮುಚ್ಚಿ ಯಾರೂ ನಿದ್ದೆ ಮಾಡಬ್ಯಾಡ್ರಿ.

ರಾಣೆಬೆನ್ನೂರಿನ ಹೊಸ ಬಡಾವಣೆಗಳಲ್ಲಿ ಇದೇ ಅಪಾಯ ಬೇರೆ ವೇಷದಲ್ಲಿದೆ. ಸಣ್ಣ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್, ಗಾಳಿ ಆಡಲಿಕ್ಕೆ ಕಿಂಡಿ ಇಲ್ಲ. ಗೀಸರ್ ಹೊರಗೆ ಕೂರಿಸಿ, ನೀರು ಮಾತ್ರ ಒಳಗೆ ತನ್ನಿ. ಒಳಗೇ ಇದ್ದರೆ ಅದರ ಹೊಗೆ ಕೊಳವೆಯಲ್ಲಿ ಹೊರಗೆ ಹೋಗಲೇಬೇಕು, ಗೋಡೆಯ ಕಿಂಡಿ ಸದಾ ತೆರೆದಿರಬೇಕು. ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿಯನ್ನೂ ನೋಡ್ಕೊಳ್ರಿ. ನಮ್ಮ ಕಡೆ ಚಿಮಣಿ ಅಂದ್ರೆ ಸೀಮೆಎಣ್ಣೆ ದೀಪ ಇತ್ತು, ಈಗ ಸ್ಟೀಲಿನ ಡಬ್ಬಿ ಆಗಿದೆ. ಕೆಲವದರಲ್ಲಿ ಹೊರಗೆ ಹೋಗುವ ಕೊಳವೆಯೇ ಇಲ್ಲ, ಗಾಳಿಯನ್ನ ಸೋಸಿ ಮತ್ತೆ ಅಡುಗೆಮನೆಗೇ ಬಿಡ್ತದೆ. ಕೊಳವೆ ಇರುವುದನ್ನೇ ತಗೊಳ್ರಿ. ಎಣ್ಣೆ ಹಿಡಿದ ಜಾಲರಿಯನ್ನ ತಿಂಗಳಿಗೊಮ್ಮೆ ಬಿಸಿನೀರು, ಸೋಪಿನಲ್ಲಿ ತೊಳೀರಿ.

ಅಮೆರಿಕದಲ್ಲಿರುವ ನಮ್ಮ ಊರ ಹುಡುಗರೂ ಫೋನ್ ಮಾಡಿ ಕೇಳ್ತಾರೆ: "ಕಾಕಾ, ಇಲ್ಲಿ ಮನೆ ಕಾಯಿಸೋ ಫರ್ನೇಸ್ ಐತಿ, ಡಕ್ಟ್ ಕ್ಲೀನ್ ಮಾಡಸ್ರಿ ಅಂತ ದಿನಾ ಜಾಹೀರಾತು ಬರ್ತಾವ." ಅಲ್ಲಿನ ಸರಕಾರದ ಪರಿಸರ ಸಂಸ್ಥೆ ಇಪಿಎ ಹೇಳೋದು ಹೀಗೆ: ಡಕ್ಟ್ ತೊಳೆಸುವುದರಿಂದ ಕಾಯಿಲೆ ತಪ್ಪುತ್ತದೆ ಅಂತ ಸಾಬೀತಾಗಿಲ್ಲ. ಒಳಗೆ ಬೂಷ್ಟು ಬೆಳೆದಿದ್ದರೆ, ಇಲಿ ಹುಳ ಸೇರಿದ್ದರೆ, ಧೂಳಿನಿಂದ ಕಟ್ಟಿದ್ದರೆ ಮಾಡಿಸಿ. ಆದರೆ ಉರಿಯುವ ಫರ್ನೇಸನ್ನ ಪ್ರತಿ ಚಳಿಗಾಲಕ್ಕೂ ಮುಂಚೆ ತಪಾಸಣೆ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ ಸೋರಬಾರದು. ಅಂದ್ರೆ ಮೊದಲ ಗಮನ ಬೆಂಕಿ ಮತ್ತು ಅದರ ಹೊಗೆಯ ದಾರಿಗೆ. ಹಾವೇರಿಗೂ ಅದೇ ಮಾತು, ಶಿಕಾಗೋಗೂ ಅದೇ ಮಾತು.

ಮುಗಿಸುವ ಮುಂಚೆ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಕಟ್ಟಿಗೆ ಒಲೆ ಇದ್ದರೆ, ಅದರ ಕೊಳವೆ ಗುಡಿಸುವವರ ಹೆಸರು ಇವತ್ತೇ ತೀರ್ಮಾನ ಮಾಡ್ರಿ. ಅಡುಗೆ ಮಾಡುವವರ ಹೆಸರು ಬೇಡ, ಅವರ ಪಾಲಿನ ಕೆಲಸ ಆಗಲೇ ಸಾಕಷ್ಟಿದೆ. ಊಟ ಮಾಡುವವರಲ್ಲಿ ಒಬ್ಬರ ಹೆಸರು ಇರಲಿ. ಒಂದು ಹಗ್ಗ, ಒಂದು ಹಿಡಿ ನಾರು, ಅರ್ಧ ತಾಸು. ಇದಕ್ಕಿಂತ ಸೋವಿ ಔಷಧ ನನಗಂತೂ ಗೊತ್ತಿಲ್ಲ.