ಏಟು ತನ್ನದು, ದನಿ ಎರವಲು

ಗಂಗಾವತಿ ಸೀಮೆಯ ಗುಡ್ಡಗಳ ನಡುವೆ ಕುಮ್ಮಟದುರ್ಗದ ಕೋಟೆಯ ಅವಶೇಷಗಳಿವೆ. ಕಂಪಿಲರಾಯನ ಮಗ ಕುಮಾರರಾಮನ ಹೆಸರಿನೊಂದಿಗೆ ಹೆಣೆದುಕೊಂಡ ನೆಲ ಅದು. ಅವನನ್ನು ಕುರಿತ ಸಾಂಗತ್ಯ ಕಾವ್ಯಗಳಲ್ಲೂ ಜನರ ಬಾಯಲ್ಲಿ ಉಳಿದ ಕಥೆಗಳಲ್ಲೂ ಮಾತಂಗಿ ಎಂಬ ಹೆಂಗಸೊಬ್ಬಳು ಬರುತ್ತಾಳೆ. ದೆಹಲಿಯ ಸುಲ್ತಾನ ದಂಡು ಕೊಟ್ಟು ಕುಮಾರರಾಮನ ಮೇಲೆ ಕಳಿಸಿದ ಕಾದಾಳು ಅವಳು. ಪರನಾರೀ ಸಹೋದರನೆಂಬ ಬಿರುದು ಹೊತ್ತವನ ಎದುರಿಗೆ ಹೆಂಗಸನ್ನೇ ತಂದು ನಿಲ್ಲಿಸಿದ ಕಥೆಗಾರನ ಜಾಣ್ಮೆಯನ್ನು ಮೆಚ್ಚಬೇಕು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಅಟ್ಟ ಹಾಕಿ ದೊಡ್ಡಾಟ ಆಡುವುದನ್ನು ಕಂಡವರಿಗೆ ಇಂಥ ಪಾತ್ರ ಹೇಗೆ ಬರುತ್ತದೆಂದು ಗೊತ್ತು. ಬಹುಕಾಲ ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಪಾತ್ರ ಹಂಚುವಾಗ ಮಾಸ್ತರು ನೋಡುತ್ತಿದ್ದುದು ಕಂಠವನ್ನು. ಕಾಳಗ ನಡೆಯುವುದು ಕುಣಿತದಲ್ಲಿ, ಗೆಜ್ಜೆಯಲ್ಲಿ, ಮದ್ದಲೆಯ ಪೆಟ್ಟಿನಲ್ಲಿ. ಭೀಮನ ವೇಷದವನು ಗರಡಿಮನೆಯ ಮಣ್ಣು ಮುಟ್ಟಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ದನಿ ನಿಜವಾಗಿರಬೇಕು, ಏಟು ಸುಳ್ಳಾದರೆ ಚಿಂತೆಯಿಲ್ಲ.

ಈ ಕಟ್ಟಳೆಯನ್ನು ಪೂರಾ ತಿರುವುಮುರುವು ಮಾಡಿದ ಸಿನಿಮಾವೊಂದು 2012ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಹೆಸರು ‘ಹೇವೈರ್’. ಗೂಢಚಾರರ ಕಥೆ; ಹೊಡೆದಾಟ ಅದರ ಜೀವಾಳ. ನಾಯಕಿ ಜೀನಾ ಕರಾನೊ ಅದಕ್ಕೆ ಮುಂಚೆ ಪ್ರಮುಖ ಪಾತ್ರದಲ್ಲಿ ನಟಿಸಿದವರಲ್ಲ. ಅವರ ಕಸುಬು ಕಾದುವುದು. ಮುಷ್ಟಿಯುದ್ಧ, ಕುಸ್ತಿ, ಜೂಡೋ, ಥಾಯ್ಲೆಂಡಿನ ಒದೆಯಾಟ ಎಲ್ಲವೂ ಬೆರೆತ, ತಂತಿಬೇಲಿಯೊಳಗೆ ನಡೆಯುವ ಒಂದು ಪಂದ್ಯವಿದೆ. 2009ರ ಆಗಸ್ಟ್ 15ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬ್ರೆಜಿಲ್‌ನ ಕ್ರಿಸ್ ಸೈಬೋರ್ಗ್ ಅವರ ಎದುರು ಕರಾನೊ ಇಳಿದರು. ಆ ಬಗೆಯ ದೊಡ್ಡ ಕೂಟದಲ್ಲಿ ಹೆಂಗಸರ ಪಂದ್ಯವೇ ಮುಖ್ಯ ಪಂದ್ಯವಾದದ್ದು ಅದೇ ಮೊದಲು. ಐದು ನಿಮಿಷದ ಮೊದಲ ಸುತ್ತು ಮುಗಿಯಲು ಒಂದೇ ಸೆಕೆಂಡು ಬಾಕಿ ಇದ್ದಾಗ ಪಂಚರು ಪಂದ್ಯ ನಿಲ್ಲಿಸಿದರು. ಕರಾನೊ ಸೋತಿದ್ದರು.

ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಅವರಿಗೂ ಅದು ಒಳ್ಳೆಯ ಕಾಲವಾಗಿರಲಿಲ್ಲ. ‘ಟ್ರಾಫಿಕ್’ ಚಿತ್ರಕ್ಕೆ ಆಸ್ಕರ್ ಪಡೆದಿದ್ದ ಅವರ ಕೈಯಿಂದ ‘ಮನಿಬಾಲ್’ ಎಂಬ ಚಿತ್ರ ಅದೇ ವರ್ಷ ತಪ್ಪಿಹೋಗಿತ್ತು. ಟೀವಿಯಲ್ಲಿ ಕರಾನೊ ಅವರ ಕಾದಾಟ ನೋಡಿದ ಸೋಡರ್‌ಬರ್ಗ್, ಈಕೆಯ ಸುತ್ತಲೇ ಒಂದು ಚಿತ್ರ ಕಟ್ಟಬಾರದೇಕೆ ಎಂದು ಯೋಚಿಸಿದರು. ಸಾಮಾನ್ಯವಾಗಿ ಕಥೆ ಮೊದಲು ಹುಟ್ಟಿ ಆಮೇಲೆ ನಟಿಯನ್ನು ಹುಡುಕುತ್ತಾರೆ. ಇಲ್ಲಿ ನಟಿ ಮೊದಲು ಸಿಕ್ಕರು, ಅವರ ಮೈಯ ಅಳತೆಗೆ ಲೆಮ್ ಡಾಬ್ಸ್ ಕಥೆ ಬರೆದರು.

ಕಥೆಯೇನೂ ಹೊಸದಲ್ಲ. ನಾಯಕಿ ಮ್ಯಾಲರಿ ಕೇನ್ ಸರ್ಕಾರದ ನೌಕರಳಲ್ಲ. ಸರ್ಕಾರ ತಾನು ಮಾಡಿದೆನೆಂದು ಹೇಳಿಕೊಳ್ಳಲಾಗದ ಕೆಲಸಗಳನ್ನು ಗುತ್ತಿಗೆ ಹಿಡಿಯುವ ಖಾಸಗಿ ಕಂಪನಿಯೊಂದರ ಆಳು ಅವಳು. ಕಾಲುವೆ ರಿಪೇರಿಗೆ, ರಸ್ತೆ ಡಾಂಬರಿಗೆ ಗುತ್ತಿಗೆದಾರರಿರುವುದನ್ನು ಬಲ್ಲ ನಮ್ಮವರಿಗೆ ಗೂಢಚರ್ಯೆಗೂ ಗುತ್ತಿಗೆಯುಂಟೆಂದರೆ ಅಚ್ಚರಿಯಾಗಲಾರದು. ಬಾರ್ಸಿಲೋನಾದಲ್ಲಿ ಸೆರೆಸಿಕ್ಕ ಒಬ್ಬನನ್ನು ಬಿಡಿಸಿ ತಂದ ಅವಳನ್ನು ಮುಂದೆ ಡಬ್ಲಿನ್‌ಗೆ ಕಳಿಸಲಾಗುತ್ತದೆ. ಅಲ್ಲಿ ಜೊತೆಗಿದ್ದ ಗೂಢಚಾರನೇ ಹೋಟೆಲ್ ಕೋಣೆಯಲ್ಲಿ ಅವಳನ್ನು ಕೊಲ್ಲಲು ನೋಡುತ್ತಾನೆ. ಮಾರಿದವನು ಅವಳ ಧಣಿಯೇ.

ಇಲ್ಲಿ ಕನ್ನಡದ ಗೂಢಚಾರನನ್ನು ನೆನೆಯಬೇಕು. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜಕುಮಾರರನ್ನು ಸಿಐಡಿ 999 ಮಾಡಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಅಲ್ಲಿನ ಗೂಢಚಾರನಿಗೆ ಬೆನ್ನ ಹಿಂದಿನ ಸರ್ಕಾರದ ಮೇಲೆ ಸಂಶಯವಿರಲಿಲ್ಲ. ಕಾದುವ ಕೆಲಸ ಮುಖ್ಯವಾಗಿ ಗಂಡಸರದು. ಹೊಡೆಯುವ ನಾಯಕಿಯನ್ನು ಜನ ಮನಸಾರೆ ಒಪ್ಪಿದ್ದು ಮಾಲಾಶ್ರೀ ಕಾಲದಲ್ಲಿ. 1991ರ ‘ಎಸ್.ಪಿ. ಭಾರ್ಗವಿ’ಯಿಂದ 2004ರ ‘ದುರ್ಗಿ’ಯವರೆಗೆ, ಅದರಾಚೆಗೂ ಅವರು ಲಾಠಿ ಹಿಡಿದರು, ಮಚ್ಚು ಹಿಡಿದರು. ಆದರೆ ಅವರು ನಟನೆಯಿಂದ ಹೊಡೆದಾಟಕ್ಕೆ ಬಂದವರು. ಹೊಡೆದಾಟದಿಂದ ನಟನೆಗೆ ಬಂದವರನ್ನು ಹುಡುಕುತ್ತ ಹೊರಟರೆ ರಾಜ್ಯದ ಗಡಿ ದಾಟಬೇಕಾಗುತ್ತದೆ. 1935ರ ‘ಹಂಟರ್‌ವಾಲಿ’ಯ ನಾಡಿಯಾ ಸರ್ಕಸ್ಸಿನಲ್ಲಿ ದುಡಿದು ಬಂದವರು. ಕಿಕ್‌ಬಾಕ್ಸಿಂಗ್ ಪಟು ರಿತಿಕಾ ಸಿಂಗ್ 2016ರಲ್ಲಿ ತಮಿಳಿನ ‘ಇರುದಿ ಸುಟ್ರು’ವಿನಲ್ಲಿ ಮುಷ್ಟಿಯುದ್ಧದ ಹುಡುಗಿಯಾದರು.

ಹಾಗಾದರೆ ನಿಜವಾಗಿ ಕಾದಬಲ್ಲವರು ಬಂದರೆ ತೆರೆಯ ಮೇಲೆ ಏನು ಬದಲಾಗುತ್ತದೆ? ‘ಹೇವೈರ್’ ಸ್ವಾರಸ್ಯವೆಲ್ಲ ಇರುವುದು ಇಲ್ಲೇ. ಸಿನಿಮಾದ ಹೊಡೆದಾಟ ಎಂಬುದು ಬಹುಪಾಲು ಕತ್ತರಿಯ ಕೆಲಸ. ಮುಷ್ಟಿ ಎತ್ತಿದ್ದು ಒಂದು ತುಣುಕು, ಮುಖ ತಿರುಗಿದ್ದು ಇನ್ನೊಂದು, ಬಿದ್ದದ್ದು ಮತ್ತೊಂದು. ಬೀಳುವವನು ಡ್ಯೂಪು. ನಡುವೆ ‘ಢಿಶುಂ’ ಎಂಬ ಸದ್ದು, ಮೇಲೆ ತಮಟೆ-ಪಿಟೀಲು. ಕ್ಯಾಮೆರಾ ಹತ್ತಿರ ಹೋದಷ್ಟೂ ಮುಚ್ಚಿಡಲು ಅನುಕೂಲ. ಸೋಡರ್‌ಬರ್ಗ್ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿದರು. ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣುತ್ತದೆ. ಏಟು ಹೊರಟದ್ದೂ ತಾಗಿದ್ದೂ ಒಂದೇ ನೋಟದಲ್ಲಿದೆ. ಹೊಡೆದಾಟದ ಹೊತ್ತಿಗೆ ಸಂಗೀತ ನಿಂತುಬಿಡುತ್ತದೆ. ಉಸಿರು, ಪಾತ್ರೆ ಪಗಡೆ, ಗಾಜು ಮಾತ್ರ ಕೇಳುತ್ತವೆ. ಡಬ್ಲಿನ್ನಿನ ಕೋಣೆಯಲ್ಲಿ ಮೈಕೆಲ್ ಫಾಸ್‌ಬೆಂಡರ್ ಅವರ ಪಾತ್ರದ ಕತ್ತನ್ನು ಮ್ಯಾಲರಿ ತನ್ನ ಕಾಲುಗಳ ಕತ್ತರಿಯಲ್ಲಿ ಹಿಡಿಯುತ್ತಾಳೆ. ಜಾತ್ರೆಯ ಕುಸ್ತಿ ಕಣದ ಸುತ್ತ ಕೂತು ಪಟ್ಟು ನೋಡಿ ಬಲ್ಲವರಿಗೆ ಗೊತ್ತಾಗುತ್ತದೆ, ಅದು ನಟಿಯೊಬ್ಬರು ವಾರದಲ್ಲಿ ಕಲಿತ ಪಟ್ಟಲ್ಲ.

ಆದರೂ ನಿಜ ಎಂಬ ಮಾತನ್ನು ಎಚ್ಚರದಿಂದ ಆಡಬೇಕು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಎಂಬ ನಟರಿಬ್ಬರು ಮೇಲೆ ಬರಲಿಲ್ಲ. ಹಾಗೆ ಪ್ರಾಣ ಪಣಕ್ಕಿಡುವುದು ನಿಜವಲ್ಲ, ಅಜಾಗರೂಕತೆ. ಕಾದಾಟ ಬಲ್ಲವರ ವಿದ್ಯೆ ಹೊಡೆಯುವುದರಲ್ಲಿ ಎಷ್ಟಿದೆಯೋ ಬೀಳುವುದರಲ್ಲಿ, ಕೈಯನ್ನು ಕೂದಲೆಳೆಯಷ್ಟು ಮುಂಚೆ ತಡೆಯುವುದರಲ್ಲಿ ಅಷ್ಟೇ ಇದೆ. ಪಂದ್ಯದಲ್ಲಿ ತಪ್ಪದೆ ತಾಗಿಸಲು ಪಳಗಿದ ಕೈ, ಚಿತ್ರೀಕರಣದಲ್ಲಿ ತಾಗದಂತೆ ತಾಗಿಸುವುದನ್ನು ಹೊಸದಾಗಿ ಕಲಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ದುಡ್ಡು ಬೇಕು. ಅವಸರದ ಚಿತ್ರೀಕರಣದಲ್ಲಿ ಮೊದಲು ಕೈಬಿಡುವುದು ಇದನ್ನೇ.

ಇಷ್ಟೆಲ್ಲ ನಿಜಕ್ಕೆ ಹಟ ಹಿಡಿದ ಚಿತ್ರದಲ್ಲಿ ಒಂದು ಸಂಗತಿ ಮಾತ್ರ ನಿಜವಲ್ಲ. ಚಿತ್ರೀಕರಣ ಮುಗಿದ ಮೇಲೆ ಕರಾನೊ ಅವರ ದನಿಯನ್ನು ಬದಲಾಯಿಸಲಾಯಿತು. ತೆರೆಯ ಮೇಲಿನ ಮ್ಯಾಲರಿಯ ಗಡಸು ಕಂಠ ಕರಾನೊ ಅವರ ಸಹಜ ಕಂಠವಲ್ಲ. ಅವರ ಮುಷ್ಟಿ ಬೇಕಿತ್ತು, ಮಾತು ಸಾಲದೆನಿಸಿತು. ನಮ್ಮಲ್ಲಿ ಇದೇನು ದೊಡ್ಡ ವಿಷಯ ಎನ್ನಬಹುದು. ಕನ್ನಡ ಬಾರದ ನಾಯಕಿಯರಿಗೆ ಬೇರೆಯವರು ಮಾತು ಕೊಡುವುದು ಇಲ್ಲಿ ದಿನದ ಮಾತು. ರಾಜಕುಮಾರರಿಗೇ ವರ್ಷಗಟ್ಟಲೆ ಹಾಡಿದವರು ಪಿ.ಬಿ. ಶ್ರೀನಿವಾಸ್. ಆದರೆ ಅಲ್ಲಿ ಕೊರತೆ ಭಾಷೆಯದು ಅಥವಾ ಸಂಗೀತದ್ದು. ಇಲ್ಲಿ ಭಾಷೆ ಕರಾನೊ ಅವರದೇ, ಊರೂ ಅವರದೇ. ಕಾದಬಲ್ಲ ಹೆಣ್ಣಿನ ಕಂಠ ಹೀಗಿರಬೇಕೆಂದು ಮೊದಲೇ ಒಂದು ಅಚ್ಚು ತಯಾರಿತ್ತು, ನಿಜವಾಗಿ ಕಾದುವ ಹೆಣ್ಣಿನ ಕಂಠ ಆ ಅಚ್ಚಿಗೆ ಹೊಂದಲಿಲ್ಲ.

ಸೋಡರ್‌ಬರ್ಗ್ ತಮ್ಮ ಹೆಸರನ್ನೂ ಮರೆಮಾಡುವ ಪೈಕಿ. ಈ ಚಿತ್ರದ ಛಾಯಾಗ್ರಹಣ, ಸಂಕಲನ ಎರಡೂ ಅವರದೇ. ಪಟ್ಟಿಯಲ್ಲಿ ಮಾತ್ರ ಪೀಟರ್ ಆಂಡ್ರೂಸ್, ಮೇರಿ ಆನ್ ಬರ್ನಾರ್ಡ್ ಎಂಬ ಹೆಸರುಗಳಿವೆ. ತಂದೆ-ತಾಯಿಯ ಹೆಸರುಗಳಿಂದ ಮಾಡಿಕೊಂಡ ಗುಪ್ತನಾಮಗಳು. ಮರೆಯಾಗುವುದನ್ನು ತಾವೇ ಆರಿಸಿಕೊಳ್ಳುವವರ ಮಾತು ಬೇರೆ.

ವಿಮರ್ಶಕರು ಮೆಚ್ಚಿದಷ್ಟು ಪ್ರೇಕ್ಷಕರು ಚಿತ್ರವನ್ನು ಮೆಚ್ಚಲಿಲ್ಲ. ಸಂಗೀತವಿಲ್ಲದ ಹೊಡೆದಾಟ ಅವರಿಗೆ ಒಣಗಿದ್ದೆನಿಸಿರಬೇಕು.

ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಬಿಳಿ ಪರದೆಯ ಮೇಲೆ ರಾಮ ರಾವಣರು ಕಾದುತ್ತಾರೆ. ತೊಗಲಿನ ಕೈ, ತೊಗಲಿನ ಬಿಲ್ಲು. ಹಿಂದೆ ದೀಪದ ಬಿಸಿಗೆ ಕೂತು ಆ ತೊಗಲಿಗೆ ಮಾತು ಕೊಟ್ಟವರು ಭೀಮವ್ವ. ಪರದೆಯ ಈಚೆ ಕೂತ ಊರಿಗೆ ಅವರ ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ.