ಚರಿತ್ರೆ ಮಾಷ್ಟ್ರ ಡೈರಿ

(ಮಸ್ಕತ್ತಿನಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಗಾರನಲ್ಲ, ಸ್ಟೋರ್‌ಕೀಪರ್. "ಹತ್ತು ನಿಮಿಷ ಏನಾದ್ರೂ ಮಾತಾಡಿ" ಅಂದ್ರು. ನನಗೆ ಸರಿಯಾಗಿ ಗೊತ್ತಿರುವುದು ನಮ್ಮ ಅಪ್ಪಯ್ಯನ ವಿಷಯ ಮಾತ್ರ. ಅವರು ಕುಂದಾಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಮಾಷ್ಟ್ರು. ನಾನು ಮೂರು ವರ್ಷ ಅವರದೇ ಕ್ಲಾಸಿನಲ್ಲಿ ಕೂತವನು. ಮಾರ್ಕು ಮಾತ್ರ ಕೇಳಬೇಡಿ!

ವಿಜಯನಗರದ ಪಾಠ ಮಾಡುವಾಗ ಅವರು ಗೋಡೆಯ ಮ್ಯಾಪಿನಲ್ಲಿ ಹಂಪಿ ತೋರಿಸುವ ಮೊದಲು ಮಸ್ಕತ್ ತೋರಿಸುತ್ತಿದ್ದರು. 1442ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಭಾರತಕ್ಕೆ ಹೊರಟವನು ಇಲ್ಲಿ ಸಿಕ್ಕಿಬಿದ್ದ, ಸೆಕೆಗೆ ಬೆಂದು ಕಾಯಿಲೆ ಬಿದ್ದ, ಆ ಸೆಕೆಯನ್ನೇ ವಿಸ್ತಾರವಾಗಿ ಬರೆದಿಟ್ಟ. ಮರುವರ್ಷ ಕಲ್ಲಿಕೋಟೆ, ಮಂಗಳೂರು ದಾಟಿ ಎರಡನೇ ದೇವರಾಯನ ರಾಜಧಾನಿ ಮುಟ್ಟಿದ. ನಾವು ಆಗ ಆಕಳಿಸುತ್ತಿದ್ದೆವು. 2001ರ ಜೂನಿನಲ್ಲಿ ಏರ್‌ಪೋರ್ಟಿನಿಂದ ಹೊರಗೆ ಕಾಲಿಟ್ಟೆ ನೋಡಿ, ಬಿಸಿಗಾಳಿ ಮುಖಕ್ಕೆ ಹೊಡೆದ ಕೂಡಲೇ ಇಡೀ ಪಾಠ ನೆನಪಾಯಿತು.

ಒಮ್ಮೆ ಅಪ್ಪಯ್ಯ, "ಮನೆಯಲ್ಲಿರುವ ಹಳೇ ದಾಖಲೆ ಒಂದು ತನ್ನಿ" ಅಂದರು. ಕೆಲವರು ತೀರ್ವೆ ರಶೀದಿ ತಂದರು, ಕೆಲವರು ಮದುವೆ ಕಾಗದ. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ, "ನಮ್ಮಲ್ಲಿ ಹಳೇದು ಎಂತದೂ ಇಲ್ಲ ಸಾರ್" ಅಂದ. "ನಿನ್ನ ಅಜ್ಜಿ ಉಂಟಲ್ಲ ಮಾರಾಯ? ಅವರನ್ನು ಕೇಳಿ ಬರಕೊಂಡು ಬಾ" ಅಂದರು. ಅವನು ಎರಡು ಪುಟ ಬರೆದು ತಂದ. ಗೇಣಿ ಅಕ್ಕಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಗಂಜಿಗೂ ಕಷ್ಟವಾದದ್ದು, 1974ರ ಭೂಸುಧಾರಣೆ ಬಂದ ಮೇಲೆ ಅಜ್ಜ ಹೆದರುತ್ತಾ ಡಿಕ್ಲರೇಷನ್ ಕೊಟ್ಟದ್ದು. ಅಪ್ಪಯ್ಯ ಅದನ್ನು ನಿಂತುಕೊಂಡೇ ಓದಿಸಿದರು. ಪುಸ್ತಕದಲ್ಲಿ ಎರಡೇ ಸಾಲಿದ್ದ ಪಾಠ ಅವತ್ತು ನಮಗೆ ಅರ್ಥವಾಯಿತು. "ಬರೆದಿಡದೆ ಹೋದರೆ ಬಡವನಿಗೆ ಚರಿತ್ರೆಯೇ ಇರುವುದಿಲ್ಲ" ಅಂತಿದ್ದರು.

ಶಾಲೆಯಲ್ಲಿ ಅಷ್ಟು ಮಾತಾಡುವವರು ಮನೆಯಲ್ಲಿ ಮೌನಿ. ರಾತ್ರಿ ಊಟವಾದ ಮೇಲೆ ಡೈರಿಯಲ್ಲಿ ಖರ್ಚು ಬರೆಯುವುದು, ರೇಡಿಯೋ ವಾರ್ತೆ ಕೇಳುವುದು, ಮಲಗುವುದು. ನನ್ನ ವೀಸಾಕ್ಕೆ ದುಡ್ಡು ಬೇಕಾದಾಗ, "ಪಿ.ಎಫ್.ನಿಂದ ತೆಗೆದೆ, ನೀನು ಚಿಂತೆ ಮಾಡಬೇಡ" ಅಂದರು. ನಾನು ನಂಬಿದೆ. ಇಲ್ಲಿಂದ ದುಡ್ಡು ಕಳಿಸಿದೆ, ಫ್ರಿಜ್ ಬಂತು, ಮಾಡಿಗೆ ಹೊಸ ಹಂಚು ಬಂತು. ಆ ದುಡ್ಡು ಏನಾಯಿತು ಅಂತ ಒಂದು ದಿನವೂ ಕೇಳಲಿಲ್ಲ.

ಅಪ್ಪಯ್ಯ ತೀರಿಕೊಂಡಾಗ ಎಮರ್ಜೆನ್ಸಿ ರಜೆ ಸಿಕ್ಕಿ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಪಾಟು ಖಾಲಿ ಮಾಡುವಾಗ 2001ರ ಡೈರಿ ಸಿಕ್ಕಿತು. ಅವರದೇ ದುಂಡು ಅಕ್ಷರ: "ಇವಳ ನಾಲ್ಕು ಬಳೆ ಅಡವು. ಮಗನ ವೀಸಾ." ಎರಡು ವರ್ಷದ ನಂತರದ ಡೈರಿಯಲ್ಲಿ: "ಬಿಡಿಸಲು ಆಗಲಿಲ್ಲ." ಬಾಯಲ್ಲಿ ನನಗೆ ಸುಳ್ಳು ಹೇಳಿದ ಮಾಷ್ಟ್ರು ದಾಖಲೆಯಲ್ಲಿ ಸುಳ್ಳು ಬರೆದಿರಲಿಲ್ಲ.

ಅಮ್ಮನನ್ನು ಕೇಳಿದೆ. "ಅವರು ಹೇಳ್ಬೇಡ ಅಂದಿದ್ರು. ನೀನೂ ಕೇಳ್ಲಿಲ್ಲ" ಅಂದರು. ಎರಡನೇ ಮಾತು ನನಗೆ ಚುಚ್ಚಿತು. ಕಳೆದ ರಜೆಯಲ್ಲಿ ಬಳೆ ಮಾಡಿಸಿಕೊಂಡು ಹೋದೆ. ಒಂದು ಗಳಿಗೆ ಕೈಗೆ ಹಾಕಿ ನೋಡಿ ತೆಗೆದಿಟ್ಟರು. "ನನಗೀಗ ಎಂತಕ್ಕೆ ಮಗಾ? ಮೊಮ್ಮಗಳಿಗಿರಲಿ. ಅವಳಿಗೆ ಕತೆಯನ್ನೂ ಹೇಳು" ಅಂದರು.

ಬಂಧುಗಳೇ, ನಾವೆಲ್ಲ ಇಲ್ಲಿಗೆ ಬಂದದ್ದು ಯಾರದೋ ಬಳೆಯ ಮೇಲೆ, ಯಾರದೋ ಗದ್ದೆಯ ಮೇಲೆ. ಈ ಶುಕ್ರವಾರ ಮನೆಗೆ ಫೋನು ಮಾಡಿದಾಗ "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡಬೇಡಿ. ನನ್ನನ್ನು ಕಳಿಸಿದ್ದು ಹೇಗೆ ಅಂತ ಕೇಳಿ. ಹೇಳಿದ್ದನ್ನು ಬರೆದಿಡಿ. ಕೇಳಲು ಅವರಿರುವಾಗಲೇ ಕೇಳಿ.